ಸ್ಟಿಯರಿಂಗ್ ಹಿಡಿದವರಿಗೂ ಕಣ್ಣಿದೆ ಸ್ವಾಮಿ

ಬೆಳಿಗ್ಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಮಾನ ಇಳಿದು, ಅದೇ ಸಂಜೆ ಕಡಲಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳಾದ ಟ್ವೆಲ್ವ್ ಅಪಾಸಲ್ಸ್ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳಬೇಕು ಅಂತ ಹಟ ಹಿಡಿಯುವವರನ್ನು ಕಂಡರೆ ಮೈ ಉರಿಯುತ್ತದೆ. ಎಂಟು ಜನರ ವಾಟ್ಸಾಪ್ ಗ್ರೂಪಿನಲ್ಲಿ ಏಳು ಜನ "ಮೊದಲ ದಿನವೇ ಮುಗಿಸಿಬಿಡೋಣ" ಅಂತಾರೆ. ಗಾಡಿ ಓಡಿಸಬೇಕಾದ ಎಂಟನೆಯವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಅಲ್ಲಿಗೆ ಹೋಗುವ ಕಡಲಂಚಿನ ರಸ್ತೆ ಗ್ರೇಟ್ ಓಷನ್ ರೋಡ್ ನೋಡೋಕೆ ಅಂತ ಅಷ್ಟು ದುಡ್ಡು ಸುರಿದು ಬಂದ ಆ ಮನುಷ್ಯ ದಿನವಿಡೀ ನೋಡುವುದು ಡಾಂಬರು ಮತ್ತು ಬಿಳಿ ಗೆರೆ. ಇದು ಅನ್ಯಾಯ. ಇದರಲ್ಲಿ ಬೇರೆ ಮಾತಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮವರು ಹೋಗುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ. ಆಗ ಅಲ್ಲಿ ಶರತ್ಕಾಲ. ಮೇ ಮಧ್ಯದಲ್ಲಿ ಸಂಜೆ 5.20ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಬೇಸಿಗೆಯಲ್ಲಿ ಯಾರೋ ತೆಗೆದ ರಾತ್ರಿ ಎಂಟೂವರೆಯ ಸೂರ್ಯಾಸ್ತದ ವಿಡಿಯೊ ನೋಡಿ ಮೇ ತಿಂಗಳಿಗೆ ಪ್ಲಾನ್ ಹಾಕಿದರೆ ಏನಾದೀತು? ವಿಮಾನ ಬೆಳಿಗ್ಗೆ 7ಕ್ಕೆ ಇಳಿಯಿತು ಅನ್ನಿ. ಎಂಟು ಜನರ ಇಮಿಗ್ರೇಷನ್, ಪೆಟ್ಟಿಗೆ, ಆಹಾರ ತಪಾಸಣೆ ಮುಗಿಯುವಾಗ 9. ಗಾಡಿಯ ಕಾಗದಪತ್ರ, ಮಗುವಿನ ಸೀಟು, ಸಾಮಾನು ತುಂಬುವುದು ಎಲ್ಲ ಸೇರಿ ಹೊರಡುವಾಗ 10.30. ಆ ಕಡಲ ರಸ್ತೆ ಶುರುವಾಗುವ ಟಾರ್ಕಿಗೆ ಒಂದೂವರೆ ಗಂಟೆ, ಅಂದರೆ 12. ಊಟಕ್ಕೆ ಒಂದು ಗಂಟೆ. ಅಲ್ಲಿಂದ ಕಡಲ ತೀರದ ಊರು ಅಪೊಲೊ ಬೇಗೆ ಸುಮಾರು 90 ಕಿಲೋಮೀಟರು. ನಿಲ್ಲಿಸದೆ ಹೋದರೆ ಎರಡು ಗಂಟೆಯೊಳಗೆ, ನಾಲ್ಕು ಕಡೆ ಇಳಿದರೆ ನಾಲ್ಕು ಗಂಟೆ. ಅಲ್ಲಿಗೆ ಸಂಜೆ 5. ಅಪಾಸಲ್ಸ್‌ಗೆ ಇನ್ನೂ 85 ಕಿಲೋಮೀಟರು ಬಾಕಿ. ಅಪೊಲೊ ಬೇ ದಾಟಿದ ಮೇಲೆ ರಸ್ತೆ ಕಡಲನ್ನು ಬಿಟ್ಟು ಓಟ್ವೇ ಕಾಡಿನೊಳಗೆ ಲೇವರ್ಸ್ ಹಿಲ್ ಕಡೆ ಹತ್ತುತ್ತದೆ. ಬರೀ ತಿರುವು, ದೀಪವಿಲ್ಲ, ಫೋನ್ ಸಿಗ್ನಲ್ ನಂಬುವ ಹಾಗಿಲ್ಲ, ಮುಸ್ಸಂಜೆಗೆ ಕಾಂಗರೂಗಳು, ಅವುಗಳದೇ ಜಾತಿಯ ಸಣ್ಣ ವಾಲಬಿಗಳು ರಸ್ತೆಗೆ ನುಗ್ಗುತ್ತವೆ. ಇಷ್ಟೆಲ್ಲ ಪಾಡು ಪಟ್ಟು ಏಳು ಗಂಟೆಗೆ ತಲುಪಿದರೆ ಕಾಣುವುದು ಕಗ್ಗತ್ತಲು.

ಮೆಲ್ಬರ್ನ್ ಗಡಿಯಾರ ಆಗ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 7 ಅಂದರೆ ಓಡಿಸುವವರ ಮೈಗೆ ನಡುರಾತ್ರಿ 2.30. ರಾತ್ರಿಯಿಡೀ ಕೂತಲ್ಲೇ ತೂಕಡಿಸಿ ಬಂದವರ ಕೈಗೆ ಕೀಲಿ ಕೊಟ್ಟು, ಹಿಂದಿನ ಸೀಟಿನಲ್ಲಿ ಎಲ್ಲರೂ ಗೊರಕೆ ಹೊಡೆಯುವುದು ಯಾವ ಸೀಮೆಯ ಸ್ನೇಹ? ಮುಂದಿನ ಸೀಟಿನಲ್ಲಿ ಕೂತವರಾದರೂ ಎಚ್ಚರ ಇರಬೇಕು. ದಾರಿ ಹೇಳುವುದು, ಮುಂದಿನ ವ್ಯೂ ಪಾಯಿಂಟ್ ಎಷ್ಟು ದೂರ ಅಂತ ನೋಡುವುದು, ನೀರಿನ ಬಾಟಲಿ ಮುಚ್ಚಳ ತೆಗೆದು ಕೊಡುವುದು ಅವರ ಕೆಲಸ. ಅಲ್ಲಿ ಕೂತು ನಿದ್ದೆ ಮಾಡುವುದಾದರೆ ಹಿಂದೆ ಹೋಗಿ ಕೂತುಕೊಳ್ಳಲಿ.

"ಸಾಕಾದರೆ ನಾನು ಓಡಿಸ್ತೀನಿ ಬಿಡು" ಅನ್ನುವವರಿದ್ದಾರಲ್ಲ, ಅವರ ಮೇಲೆ ಇನ್ನೂ ಸಿಟ್ಟು. ಬಾಡಿಗೆ ಗಾಡಿಯ ಕೌಂಟರಿನಲ್ಲಿ ಹೆಸರು ಬರೆಸದವರು ಓಡಿಸಿ ಏನಾದರೂ ಆದರೆ ವಿಮೆ ಕೈಕೊಡುತ್ತದೆ. ಎರಡನೇ ಚಾಲಕರು ಲೈಸೆನ್ಸ್ ಕಾರ್ಡನ್ನೇ ತಂದಿರಬೇಕು, ಕೌಂಟರಿಗೆ ತಾವೇ ಬರಬೇಕು. ಫೋನಿನಲ್ಲಿ ತೋರಿಸುವ ಪ್ರತಿಯನ್ನು ನೆಚ್ಚಿಕೊಂಡು ಹೋಗಬೇಡಿ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ಅಲ್ಲಿನ ಪ್ರವಾಸಿಗರಿಗೆ ನಡೆಯುತ್ತದೆ. ಆದರೂ ಹೊರಡುವ ಮೊದಲು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಟ್ಟರೆ ಕೌಂಟರಿನಲ್ಲಿ ವಾದ ಇರುವುದಿಲ್ಲ. ಠೇವಣಿಗೆ ಸಾಮಾನ್ಯವಾಗಿ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಅಂದರೆ ಓಡಿಸುವವರ ದುಡ್ಡೇ ಅಡ ಬಿದ್ದಿರುತ್ತದೆ. ಪೆಟ್ರೋಲಿಗೆ ಪಾಲು ಕೊಡುವಾಗ ಇದನ್ನು ಯಾರೂ ನೆನೆಯುವುದಿಲ್ಲ.

ಸಾಮಾನಿನ ವಿಷಯಕ್ಕೆ ಬನ್ನಿ. ಎಂಟು ಸೀಟಿನ ಗಾಡಿಯಲ್ಲಿ ಎಂಟು ಜನ ಕೂತರೆ ಹಿಂದೆ ಉಳಿಯುವ ಜಾಗ ಮೂರೋ ನಾಲ್ಕೋ ದೊಡ್ಡ ಪೆಟ್ಟಿಗೆಗೆ. ಎಂಟು ದೊಡ್ಡ ಪೆಟ್ಟಿಗೆ ತಂದು, ಅಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಕ್ಕಾಲು ಗಂಟೆ ಹಾಳು ಮಾಡುತ್ತಾರೆ. ಕೊನೆಗೆ ಎರಡು ಪೆಟ್ಟಿಗೆ ಕಾಲ ಮೇಲೆ, ಒಂದು ಹಿಂದಿನ ಗಾಜಿಗೆ ಅಡ್ಡ. ಜೋರಾಗಿ ಬ್ರೇಕ್ ಹಾಕಿದರೆ ಅದೇ ಪೆಟ್ಟಿಗೆ ತಲೆಗೆ ಬಂದು ಬಡಿಯುತ್ತದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕಾರಿನ ಲೈಸೆನ್ಸ್‌ಗೆ ಚಾಲಕರೂ ಸೇರಿ 12 ಸೀಟಿನವರೆಗೆ ಓಡಿಸಬಹುದು. ಒಂದು 12 ಸೀಟಿನ ವ್ಯಾನ್ ತೆಗೆದುಕೊಳ್ಳಿ, ಇಲ್ಲವೇ ಎರಡು ಕಾರು. ಇಬ್ಬರಿಗೆ ಒಂದು ಪೆಟ್ಟಿಗೆ, ತಲೆಗೊಂದು ಮೆತ್ತನೆಯ ಚೀಲ, ಅಷ್ಟೇ. ಮಗು ಏಳು ವರ್ಷದೊಳಗಿದ್ದರೆ ಅಲ್ಲಿನ ಮಾನದಂಡದ ಸೀಟೇ ಬೇಕು, ಊರಿನಿಂದ ಹೊತ್ತು ತಂದದ್ದು ನಡೆಯದು. ಅದನ್ನು ಗಾಡಿಯ ಜೊತೆಗೇ ಬುಕ್ ಮಾಡಬೇಕು, ಕೌಂಟರಿನಲ್ಲಿ ಕೇಳಿದರೆ ಸಿಗದೆ ಹೋಗಬಹುದು. ಚಟ್ನಿಪುಡಿ, ಕೋಡುಬಳೆ, ಉಪ್ಪಿನಕಾಯಿ ತಂದಿದ್ದರೆ ವಿಮಾನ ಇಳಿಯುವಾಗ ತುಂಬುವ ಪ್ರಯಾಣಿಕರ ಕಾರ್ಡಿನಲ್ಲಿ ಬರೆಯಿರಿ, ತೋರಿಸಿ. ಹೇಳಿಕೊಂಡದ್ದಕ್ಕೆ ದಂಡವಿಲ್ಲ, ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ. ಒಬ್ಬರು ಮುಚ್ಚಿಟ್ಟು ಸಿಕ್ಕಿಬಿದ್ದರೆ ಏಳು ಜನ ಹೊರಗೆ ಕಾಯಬೇಕು.

ದಾರಿಯೂ ಹಾಗೆಯೇ, ಮೊದಲೇ ನೋಡಿಟ್ಟುಕೊಳ್ಳದೆ ಕೊನೇ ಗಳಿಗೆಯಲ್ಲಿ ಗಲಾಟೆ. ವಿಮಾನ ನಿಲ್ದಾಣದಿಂದ ನಗರದ ನಡುವೆ ನುಗ್ಗುವ ದಾರಿಗೆ ಟೋಲ್ ಇದೆ, ದುಡ್ಡು ಕಟ್ಟುವ ಗೇಟು ಇಲ್ಲ, ಎಲ್ಲ ಕ್ಯಾಮೆರಾ. ಆಮೇಲೆ ಬಿಲ್ಲು ಯಾರ ಕಾರ್ಡಿಗೆ ಬರುತ್ತದೆ ಅಂತ ಗೊತ್ತಲ್ಲ? ಪಶ್ಚಿಮದ ಎಂ80 ರಿಂಗ್ ರೋಡ್ ಹಿಡಿದು ಎಂ1 ಹೆದ್ದಾರಿ ಸೇರಿದರೆ ಟೋಲ್ ಇಲ್ಲ. ಜೀಲಾಂಗ್ ಊರೊಳಗೂ ಹೋಗಬೇಕಿಲ್ಲ, ಅದಕ್ಕೂ ರಿಂಗ್ ರೋಡ್ ಇದೆ. ತಿರುವಿನ ದಾರಿಗೆ ಹೊಟ್ಟೆ ತೊಳಸುವವರು ಮಾತ್ರೆಯನ್ನು ಟಾರ್ಕಿಯಲ್ಲೇ ನುಂಗಬೇಕು. ನಡುದಾರಿಯ ಊರು ಲೋರ್ನ್ ದಾಟಿ ತಲೆ ಸುತ್ತಿದ ಮೇಲೆ ನುಂಗಿ ಉಪಯೋಗವಿಲ್ಲ. ಅದರಲ್ಲಿ ಹಲವು ಮಾತ್ರೆ ನಿದ್ದೆ ಬರಿಸುತ್ತವೆ, ಓಡಿಸುವವರು ಮುಟ್ಟಬಾರದು.

"ಇಲ್ಲೇ ನಿಲ್ಲಿಸು, ಇಲ್ಲೇ ನಿಲ್ಲಿಸು" ಅಂತ ಹಿಂದಿನಿಂದ ಕೂಗುವುದನ್ನು ದಯವಿಟ್ಟು ಬಿಡಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಡಲು, ತಿರುವಿನ ನಡುವೆ ಎಲ್ಲಿ ನಿಲ್ಲಿಸಲಿ? ಟಾರ್ಕಿಯಿಂದ ಪಶ್ಚಿಮಕ್ಕೆ ಹೋಗುವಾಗ ಕಡಲು ಎಡಕ್ಕೇ ಇರುತ್ತದೆ, ನಾವು ಓಡಿಸುವುದೂ ಎಡಕ್ಕೇ. ಕಡಲ ಬದಿಯ ನಿಲುಗಡೆಗಳು ನಮ್ಮ ಬದಿಯಲ್ಲೇ ಬರುತ್ತವೆ, ಎದುರು ಬರುವ ಗಾಡಿಗಳನ್ನು ಅಡ್ಡ ಕತ್ತರಿಸಬೇಕಿಲ್ಲ. ಎಲ್ಲೆಲ್ಲಿ ಇಳಿಯುವುದು ಅಂತ ಹಿಂದಿನ ರಾತ್ರಿಯೇ ಮಾತಾಡಿಕೊಂಡರೆ ಆಯಿತು. ಬೆಲ್ಸ್ ಬೀಚ್. ಏರೀಸ್ ಇನ್ಲೆಟ್‌ನ ಬಿಳಿ ದೀಪಸ್ತಂಭ. ಈಸ್ಟರ್ನ್ ವ್ಯೂನಲ್ಲಿರುವ ಮರದ ಕಮಾನು. ಅಲ್ಲಿ ರಸ್ತೆಯ ನಡುವೆ ನಿಂತು ಫೋಟೊ ಹೊಡೆಸಿಕೊಳ್ಳಬೇಡಿ, ಅದು ಓಡಾಡುವ ಹೆದ್ದಾರಿ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ ಸಲಿಕೆ ಹಿಡಿದು, ಸತ್ತ ಗೆಳೆಯರ ನೆನಪಿಗೆ ಕಡಿದ ದಾರಿ ಅದು. ಐದು ನಿಮಿಷ ಫಲಕ ಓದುವ ತಾಳ್ಮೆಯೂ ಇಲ್ಲದವರು ಅಷ್ಟು ದೂರ ಯಾಕೆ ಬರಬೇಕು ಅನ್ನಿಸುತ್ತದೆ. ಆಮೇಲೆ ಲೋರ್ನ್ ಮೇಲಿನ ಟೆಡ್ಡೀಸ್ ಲುಕೌಟ್, ಕೆನೆಟ್ ರಿವರ್‌ನ ನೀಲಗಿರಿ ಮರಗಳಲ್ಲಿ ಕೋಆಲಾ, ಕೇಪ್ ಪ್ಯಾಟನ್. ಹಿಂದೆ ಊರಿನವರ ಗಾಡಿ ಬಂದು ಅಂಟಿಕೊಂಡರೆ ರಸ್ತೆ ಪಕ್ಕದ ನಿಲುಗಡೆ ಜಾಗಕ್ಕೆ ಸರಿದು ದಾರಿ ಬಿಡಿ. ಅವರು ಕೆಲಸಕ್ಕೆ ಹೊರಟವರು.

ಮೊದಲ ದಿನಕ್ಕೆ ಇಷ್ಟೇ. ಅಪೊಲೊ ಬೇನಲ್ಲಿ ಕೋಣೆಯನ್ನು ಮೊದಲೇ ಹಿಡಿದಿಟ್ಟು, ಬೆಳಕಿರುವಾಗಲೇ ಗಾಡಿ ನಿಲ್ಲಿಸಿ. ಊಟ ಬೇಗ ಮುಗಿಸಿ, ಸಣ್ಣ ಊರುಗಳ ಅಡುಗೆಮನೆ ಎಂಟಕ್ಕೆಲ್ಲ ಮುಚ್ಚುವುದುಂಟು. ಮರುದಿನ ಏಳೂವರೆಗೆ ಹೊರಟರೆ 17 ಕಿಲೋಮೀಟರಿನಲ್ಲಿ ಮೇಟ್ಸ್ ರೆಸ್ಟ್ ಸಿಗುತ್ತದೆ. ಮುಗಿಲೆತ್ತರದ ಮರಗಳ ನಡುವೆ ಅರ್ಧ ಗಂಟೆಯ ನಡಿಗೆ. ಮೆಲ್ಬರ್ನ್‌ನಿಂದ ಅದೇ ದಿನ ಹೊರಟ ಬಸ್ಸುಗಳು ಬರುವ ಮುಂಚೆಯೇ ಅಪಾಸಲ್ಸ್ ಎದುರಿಗೆ ನಿಂತಿರಬಹುದು. ಆ ದಿನ ಕೀಲಿ ಎರಡನೇ ಚಾಲಕರ ಕೈಗೆ ಹೋಗಲಿ. ಹಿಂದಿನ ದಿನ ಓಡಿಸಿದವರನ್ನು ಎಡಗಡೆ ಕಿಟಕಿಗೆ ಕೂರಿಸಿ.