ಹೋಟೆಲ್ ಹೊಡೆದ ಗೋಲು

2022–23ರ ಸೀಸನ್‌ನಲ್ಲಿ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಚೆಲ್ಸಿ ಪರವಾಗಿ ಅತಿ ಚೆನ್ನಾಗಿ ಆಡಿದ್ದು ಯಾರು ಅಂತ ಕೇಳಿದರೆ, ನನ್ನ ಮತ ಎರಡು ಹೋಟೆಲ್‌ಗಳಿಗೆ. ತಂಡ 12ನೇ ಸ್ಥಾನಕ್ಕೆ ಜಾರಿತ್ತು. ದುಬಾರಿ ಆಟಗಾರರು ಗೋಲುಪೆಟ್ಟಿಗೆ ಯಾವ ಕಡೆ ಇದೆ ಅಂತ ಹುಡುಕುತ್ತಿದ್ದರು. ಆಗ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನದ ಪಕ್ಕದಲ್ಲಿ ಸುಮ್ನೆ ನಿಂತಿದ್ದ ಈ ಎರಡು ಕಟ್ಟಡಗಳು ನಿಂತಲ್ಲೇ 7.65 ಕೋಟಿ ಪೌಂಡ್ ತಂದುಕೊಟ್ಟವು. ಕೊಂಡವರು ಯಾರು? ಚೆಲ್ಸಿ ಮಾಲೀಕರದ್ದೇ ಇನ್ನೊಂದು ಕಂಪನಿ. ಚೌಕಾಸಿ ಬಹಳ ಹೊತ್ತು ನಡೆದಿರಲಿಕ್ಕಿಲ್ಲ.

ಇಷ್ಟೆಲ್ಲ ಕಸರತ್ತು ಯಾಕೆ ಅಂದರೆ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಒಂದು ನಿಯಮವಿತ್ತು. ಮೂರು ವರ್ಷದಲ್ಲಿ ಒಂದು ಕ್ಲಬ್ ಹೆಚ್ಚೆಂದರೆ 10.5 ಕೋಟಿ ಪೌಂಡ್ ನಷ್ಟ ಮಾಡಿಕೊಳ್ಳಬಹುದು. ಅದನ್ನು ಮೀರಿದರೆ ತಪ್ಪು. ಕ್ಲಬ್‌ಗಳು ಸಾಲದಲ್ಲಿ ಮುಳುಗಬಾರದು ಅನ್ನೋದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಕಾಗದದ ಮೇಲೆ ನಷ್ಟ ಕಾಣಬಾರದು ಅಂತಷ್ಟೇ ಹೇಳಿದರೆ, ಜನ ಕಾಗದವನ್ನೇ ರಿಪೇರಿ ಮಾಡುತ್ತಾರೆ ಅಲ್ವಾ?

ಹೋಟೆಲ್ ಮುಗಿದ ಮೇಲೆ ಮಹಿಳಾ ತಂಡದ ಸರದಿ. 2024ರ ಜೂನ್ 28ರಂದು, ಲೆಕ್ಕದ ಪುಸ್ತಕ ಮುಚ್ಚಲು ಎರಡೇ ದಿನ ಇರುವಾಗ, ಚೆಲ್ಸಿ ತನ್ನ ಮಹಿಳಾ ತಂಡವನ್ನೂ ಸ್ವಂತ ಬಳಗದ ಕಂಪನಿಗೇ ಮಾರಿತು. ಲಾಭ ಸುಮಾರು 20 ಕೋಟಿ ಪೌಂಡ್. ಆ ವರ್ಷ ಇಡೀ ಕ್ಲಬ್ 12.84 ಕೋಟಿ ಲಾಭ ತೋರಿಸಿತು. ಅಂದರೆ ಉಳಿದೆಲ್ಲ ವ್ಯವಹಾರ ಹೇಗಿತ್ತು ಅಂತ ಕಳೆಯುವ ಲೆಕ್ಕ ಬಲ್ಲವರು ನೋಡಿಕೊಳ್ಳಬಹುದು.

ಇದಕ್ಕೆ ತಡೆ ಇಲ್ಲವೇ? ಹಾಕಲು ಹೊರಟರು. ಪ್ರೀಮಿಯರ್ ಲೀಗ್‌ನಲ್ಲಿ ನಿಯಮ ಬದಲಿಸಬೇಕಾದರೆ 20 ಕ್ಲಬ್‌ಗಳ ಪೈಕಿ 14 ಒಪ್ಪಬೇಕು. 2024ರಲ್ಲಿ ಮತಕ್ಕೆ ಹಾಕಿದರು, 14 ಸಿಗಲಿಲ್ಲ. ಪರೀಕ್ಷೆಗೆ ಕೂತವರನ್ನೇ ಪ್ರಶ್ನೆಪತ್ರಿಕೆ ಬರೆಯಲು ಕೂರಿಸಿದರೆ ಇನ್ನೇನಾಗುತ್ತೆ! ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಮಾತ್ರ ತನಗೆ ತಾನೇ ಮಾರಿಕೊಂಡ ದುಡ್ಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2025ರಲ್ಲಿ ಚೆಲ್ಸಿಗೆ 3.1 ಕೋಟಿ ಯೂರೊ ದಂಡ ಹಾಕಿತು.

ಎಲ್ಲರ ಬಳಿಯೂ ಹೋಟೆಲ್ ಇರುವುದಿಲ್ಲ. ಅಂಥವರು ಹುಡುಗರನ್ನು ಮಾರುತ್ತಾರೆ. ಲೆಕ್ಕ ಹೀಗಿದೆ: ಹೊರಗಿನಿಂದ ತಂದ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯಬಹುದು. ಚೆಲ್ಸಿ ಎಂಟೂವರೆ ವರ್ಷದ ಒಪ್ಪಂದಗಳನ್ನು ಮಾಡಿದ್ದು ಸುಮ್ನೆ ಅಲ್ಲ. ಕೊನೆಗೆ ಹಂಚಿಕೆಗೆ ಐದು ವರ್ಷದ ಮಿತಿ ಹಾಕಬೇಕಾಯಿತು. ಆದರೆ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ, ಅದೂ ಅದೇ ವರ್ಷ.

ಹಾಗಾಗಿ 2024ರ ಜೂನ್ ಕೊನೆಯಲ್ಲಿ ನ್ಯೂಕಾಸಲ್ ಕ್ಲಬ್‌ಗೆ ಎಲಿಯಟ್ ಆ್ಯಂಡರ್ಸನ್ ನೆನಪಾದ. ಚಿಕ್ಕಂದಿನಿಂದ ಅಲ್ಲೇ ಬೆಳೆದವನು, ಅಲ್ಲಿಯವನೇ. ಅವನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಕಳಿಸಿ, ಅಲ್ಲಿಂದ ಗೋಲ್‌ಕೀಪರ್ ವ್ಲಾಹೊದಿಮೊಸ್‌ನನ್ನು ಕೊಂಡುತಂದರು. ಕೊಂಡ ಕೀಪರ್ ಮುಂದಿನ ಸೀಸನ್‌ನಲ್ಲಿ ಪ್ರೀಮಿಯರ್ ಲೀಗ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಮಾರಿದ ಹುಡುಗ ಇಂಗ್ಲೆಂಡ್ ತಂಡಕ್ಕೇ ಆಡಿದ. ಲೆಕ್ಕದ ಪುಸ್ತಕಕ್ಕೆ ಇದೆಲ್ಲ ಗೊತ್ತಾಗಲ್ಲ ಬಿಡಿ. ಅದಕ್ಕೆ ಜೂನ್ 30 ಚೆನ್ನಾಗಿ ಕಳೆದರೆ ಸಾಕು.

ಫಾರೆಸ್ಟ್ ಕಥೆ ಇನ್ನೂ ಮಜವಾಗಿದೆ. ಹಿಂದಿನ ವರ್ಷ ಅವರೂ ತಮ್ಮ ಅಕಾಡೆಮಿ ಹುಡುಗ ಬ್ರೆನನ್ ಜಾನ್ಸನ್‌ನನ್ನು ಮಾರಬೇಕಿತ್ತು. ಜೂನ್ ಒಳಗೆ ಅವಸರದಲ್ಲಿ ಕಡಿಮೆಗೆ ಕೊಡುವ ಬದಲು ಕಾದರು. ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ 4.75 ಕೋಟಿ ಪೌಂಡ್‌ಗೆ ಮಾರಿದರು. ಒಳ್ಳೆ ಬೆಲೆ ಬಂತು. ಆದರೆ ತಡವಾಗಿ ಬಂದ ದುಡ್ಡು ಹಳೆಯ ಲೆಕ್ಕಕ್ಕೆ ಸೇರಲಿಲ್ಲ. 2024ರ ಮಾರ್ಚ್‌ನಲ್ಲಿ ಲೀಗ್ ಪಟ್ಟಿಯಲ್ಲಿ ಫಾರೆಸ್ಟ್‌ನ ನಾಲ್ಕು ಅಂಕ ಕತ್ತರಿಸಿದರು. ನಷ್ಟ ತಡೆಯುವ ನಿಯಮದ ಪ್ರಕಾರ, ಜಾಸ್ತಿ ದುಡ್ಡಿಗೆ ಕಾದದ್ದು ತಪ್ಪಾಯಿತು.

ಶಿಕ್ಷೆಯ ವೇಗವೂ ಒಂದು ಚೆಂದ. ಇದೇ ನಷ್ಟದ ಮಿತಿ ಮೀರಿದ್ದಕ್ಕೆ ಎವರ್ಟನ್ ಕ್ಲಬ್ ಮೇಲೆ ದೂರು ದಾಖಲಾಗಿದ್ದು 2023ರ ಮಾರ್ಚ್‌ನಲ್ಲಿ. ನವೆಂಬರ್‌ಗೆ ಹತ್ತು ಅಂಕ ಹೋಯಿತು. ಮೇಲ್ಮನವಿಯಲ್ಲಿ ಆರಕ್ಕೆ ಇಳಿಯಿತು, ಆಮೇಲೆ ಇನ್ನೊಂದು ಕೇಸಿನಲ್ಲಿ ಮತ್ತೆರಡು ಹೋಯಿತು. ಮ್ಯಾಂಚೆಸ್ಟರ್ ಸಿಟಿ ಮೇಲೆ ಹಣಕಾಸಿನ ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪ ಬಂದದ್ದು ಅದಕ್ಕೂ ಒಂದು ತಿಂಗಳು ಮೊದಲು. ಸಿಟಿ ಎಲ್ಲವನ್ನೂ ಅಲ್ಲಗಳೆದಿದೆ, ಅದು ಅವರ ಹಕ್ಕು. ವಿಚಾರಣೆ ಶುರುವಾಗಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಆರೋಪ ಒಂದಿದ್ದರೆ ಬೇಗ ಮುಗಿಯುತ್ತೆ. ಬುದ್ಧಿವಂತರು ನೂರು ಇಟ್ಟುಕೊಳ್ಳಬೇಕು.

ಈಗ ಹಳೆಯ ನಿಯಮ ಬೇಡ ಅಂತ ಕ್ಲಬ್‌ಗಳೇ ತೀರ್ಮಾನಿಸಿವೆ. 2026–27ರಿಂದ ಸಂಬಳ, ವರ್ಗಾವಣೆ, ಏಜೆಂಟರ ಕಮಿಷನ್ ಎಲ್ಲ ಸೇರಿ ಫುಟ್‌ಬಾಲ್ ಆದಾಯದ ಶೇ 85 ದಾಟಬಾರದು. ಯುರೋಪಿನ ಪಂದ್ಯಾವಳಿಗಳಿಗೆ ಹೋಗುವವರಿಗೆ ಯುಇಎಫ್‌ಎ ಮಿತಿ ಶೇ 70. ಶೇಕಡಾ ಲೆಕ್ಕ ಬಹಳ ನ್ಯಾಯವಾದದ್ದು. ನೂರು ಇರುವವನು 85 ಖರ್ಚು ಮಾಡಲಿ, ಸಾವಿರ ಇರುವವನು 850 ಮಾಡಲಿ, ಆಮೇಲೆ ಇಬ್ಬರೂ ಮೈದಾನದಲ್ಲಿ ಸಮಾನವಾಗಿ ಆಡಲಿ. ಜಾಸ್ತಿ ಖರ್ಚು ಮಾಡಬೇಕು ಅನ್ನಿಸಿದರೆ ಆದಾಯ ಜಾಸ್ತಿ ಮಾಡಿಕೊಳ್ಳಬೇಕು, ಅಷ್ಟೇ. ಟಿಕೆಟ್ ಕೊಳ್ಳುವವರು ದಯವಿಟ್ಟು ಸಾಲಾಗಿ ಬನ್ನಿ.