ಎದುರುಗಾಳಿಯ ಲೆಕ್ಕ

ಅಮೆರಿಕದ ಕ್ಯಾನ್ಸಸ್ ರಾಜ್ಯ ಬರೀ ಬಯಲು, ಚಪ್ಪಟೆ ಎಂದು ಅಲ್ಲಿಗೆ ಹೋಗದವರು ಹೇಳುತ್ತಾರೆ. ಅದರ ಪೂರ್ವಭಾಗದ ಫ್ಲಿಂಟ್ ಹಿಲ್ಸ್ ಎಂಬ ಹುಲ್ಲುಗಾವಲಿನ ದಿಬ್ಬಗಳಲ್ಲಿ ಸಾಮಾನು ಹೇರಿಕೊಂಡು ಸೈಕಲ್ ತುಳಿದವರು ಆ ಮಾತು ಆಡುವುದಿಲ್ಲ. ಒಂದೊಂದು ದಿಬ್ಬ ಇಪ್ಪತ್ತು ಮೂವತ್ತು ಮೀಟರ್ ಏರಿದರೆ ಹೆಚ್ಚು. ಆದರೆ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತಲೆ ಎತ್ತಿರುತ್ತದೆ. 1976ರಲ್ಲಿ ಶುರುವಾದ, ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೋಗುವ ಟ್ರಾನ್ಸ್‌ಅಮೆರಿಕ ಸೈಕಲ್ ದಾರಿಯೂ ಈ ಹುಲ್ಲುಗಾವಲನ್ನು ಹಾದೇ ಹೋಗುತ್ತದೆ.

ದಿಬ್ಬಕ್ಕೆ ಮದ್ದು ಸಣ್ಣ ಗೇರು. ಮುಂದೆ ಪೆಡಲಿನ ಹಲ್ಲುಚಕ್ರಕ್ಕೆ 26 ಹಲ್ಲು, ಹಿಂದಿನ ಗಾಲಿಯದಕ್ಕೆ 34 ಹಲ್ಲು ಇದ್ದರೆ ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಗಂಟೆಗೆ ಆರು ಕಿ.ಮೀ. ಹತ್ತಿರ ಸಾಗುತ್ತದೆ. ಮಂಡಿ ಉಳಿಯುತ್ತದೆ, ಮರ್ಯಾದೆಯ ಮಾತು ಬೇರೆ. ಗೇರು ಬದಲಿಸುವುದು ಏರಿನ ಬುಡದಲ್ಲೇ ಆಗಬೇಕು. ಅರ್ಧಕ್ಕೆ ಹೋಗಿ ಒದ್ದಾಡುತ್ತ ಬದಲಿಸಿದರೆ ಭಾರಕ್ಕೆ ಚೈನು ಕಚ್ಚಿಕೊಂಡು ಕರಕರ ಎನ್ನುತ್ತದೆ. ಇಳಿಜಾರಿನ ತಳದಲ್ಲಿ 45 ಕಿ.ಮೀ. ವೇಗವಿದ್ದರೆ ಮುಂದಿನ ದಿಬ್ಬದಲ್ಲಿ 8 ಮೀಟರ್ ಎತ್ತರ ಪುಕ್ಕಟೆ ಸಿಗಬೇಕು. ಗಾಳಿ ಅದರಲ್ಲೂ ಕಮಿಷನ್ ಹಿಡಿದುಕೊಳ್ಳುತ್ತದೆ.

ಅಲ್ಲಿ ನಿಜವಾದ ಬೆಟ್ಟ ಗಾಳಿಯೇ. 18 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದಕ್ಕೆ ಇಳಿಜಾರೂ ಇಲ್ಲ. ಬೇಸಿಗೆಯಲ್ಲಿ ಬಹುಪಾಲು ದಕ್ಷಿಣದಿಂದಲೇ ಬೀಸುತ್ತದೆ, ಬಿಸಿಲೇರಿದಂತೆ ಜೋರಾಗುತ್ತದೆ. ಬೆಳಕು ಹರಿಯುವಾಗಲೇ ಹೊರಡುವವರು ಇದನ್ನು ಬಲ್ಲವರು.

ಪಶ್ಚಿಮಕ್ಕೆ ಹೊರಟರೆ ಈ ಗಾಳಿ ಎಡಗಡೆಯಿಂದ ತಳ್ಳುತ್ತದೆ. ಮೈ ತಾನಾಗಿ ಎಡಕ್ಕೆ ವಾಲಿಕೊಂಡಿರುತ್ತದೆ. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುವುದರಿಂದ ಹಿಂದಿನಿಂದ ಬಂದ ಲಾರಿ ಎಡಕ್ಕೇ ದಾಟುತ್ತದೆ. ಒಂದು ಕ್ಷಣ ಗಾಳಿ ಮರೆಯಾಗಿ, ವಾಲಿದ ಸೈಕಲ್ಲು ಲಾರಿಯ ಕಡೆಗೇ ಜಗ್ಗುತ್ತದೆ. ಲಾರಿ ದಾಟಿದೊಡನೆ ಗಾಳಿ ಮತ್ತೆ ರಪ್ಪನೆ ಬಡಿದು ರಸ್ತೆಯಂಚಿಗೆ ನೂಕುತ್ತದೆ. ಸದ್ದು ಕೇಳಿದಾಗಲೇ ಮೊಣಕೈ ಸಡಿಲಿಸಿ ಬಲಕ್ಕೆ ಜಾಗ ಬಿಟ್ಟುಕೊಂಡಿರಬೇಕು. ಹ್ಯಾಂಡಲ್ ಬಿಗಿಹಿಡಿದಷ್ಟೂ ಓಲಾಟ ಜಾಸ್ತಿ. ಭಾರದ ಚೀಲಗಳು ಚಕ್ರದ ಪಕ್ಕ, ಕೆಳಗೆ ಇರಲಿ.

ಇಲ್ಲಿನ ಸುಣ್ಣಕಲ್ಲಿನಲ್ಲಿ ಚಕಮಕಿ ಕಲ್ಲು ಸೇರಿದೆ. ನೇಗಿಲು ಇಳಿಯದೆ ಹುಲ್ಲು ಉಳಿದದ್ದು ಅದರಿಂದಲೇ. ಜಲ್ಲಿ ರಸ್ತೆಗೆ ಇಳಿದರೆ ಅದೇ ಕಲ್ಲು ಟಯರಿನ ಪಕ್ಕೆ ಸೀಳುತ್ತದೆ. ಆಗ ಟ್ಯೂಬಿಗೆ ಪಂಚರ್ ಹಾಕಿದರೆ ಸಾಲದು, ಗಾಳಿ ತುಂಬಿದಂತೆ ಟ್ಯೂಬು ಸೀಳಿನಿಂದ ಹೊರಕ್ಕೆ ಉಬ್ಬಿ ಒಡೆಯುತ್ತದೆ. ಹಳೇ ಟಯರಿನ ಎರಡಂಗುಲ ತುಂಡನ್ನು ಒಳಗಿನಿಂದ ಇಟ್ಟು, ಗಾಳಿ ಸ್ವಲ್ಪ ಕಮ್ಮಿ ತುಂಬಬೇಕು. ತುಂಡಿಲ್ಲದಿದ್ದರೆ ಡಾಲರ್ ನೋಟನ್ನು ಮಡಚಿ ಇಟ್ಟರೂ ಮುಂದಿನ ಊರು ಮುಟ್ಟಬಹುದು; ಅದು ಹತ್ತಿ ಮತ್ತು ಅಗಸೆನಾರಿನದು, ಬೇಗ ಹರಿಯುವುದಿಲ್ಲ.

ನೀರು ಮೂರು ನಾಲ್ಕು ಲೀಟರ್ ಬೇಕು. ಮುಂದಿನ ಊರಿನಲ್ಲಿ ಧಾನ್ಯ ತುಂಬಿಡುವ ಗೋಪುರ ಹದಿನೈದು ಕಿ.ಮೀ. ದೂರದಿಂದಲೇ ಕಂಡೀತು. ಬಂದೇಬಿಟ್ಟೆವು ಎಂದು ಬಾಟಲಿ ಖಾಲಿ ಮಾಡಬಾರದು, ಎದುರುಗಾಳಿಯಿದ್ದರೆ ಅದು ಇನ್ನೂ ಒಂದೂವರೆ ಗಂಟೆಯ ದಾರಿ.

ಸಣ್ಣ ಊರುಗಳಲ್ಲಿ ಎಷ್ಟೋ ಕಡೆ ಪಾರ್ಕಿನಲ್ಲೇ ಟೆಂಟ್ ಹಾಕಲು ಬಿಡುತ್ತಾರೆ. ಜಾಗ ಆರಿಸುವಾಗ ಹುಲ್ಲು ನೋಡಿಕೊಳ್ಳಿ. ಸುತ್ತೆಲ್ಲ ಒಣಗಿ ಅಲ್ಲಿ ಮಾತ್ರ ಹಚ್ಚಗಿದ್ದರೆ, ನಡುರಾತ್ರಿ ತಾನಾಗಿ ನೀರು ಚಿಮ್ಮುವ ಕೊಳವೆ ನೆಲದಡಿ ಇದ್ದೀತು.