ಚೆಂದ ಕಂಡರೆ ಸಾಲದು, ನಂಬರ್ ಕಾಣಬೇಕು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾವ ಹೊಸ ಡ್ಯಾಶ್‌ಕ್ಯಾಮ್‌ನ, ಅಂದರೆ ಕಾರಿನ ಮುಂಗಾಜಿಗೆ ಅಂಟಿಸಿ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾದ, ವಿಡಿಯೋ ಹಾಕಿದ್ದಾನೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ, ಹದವಾದ ಬಿಸಿಲು, ಮಳೆ ತೊಳೆದಿಟ್ಟ ಹಸಿರು. ಕೆಳಗೆ "ಎಂಥಾ ಕ್ಲಿಯರ್ ಇದ್ದೋ ಮಾರಾಯಾ" ಎಂಬ ಉದ್ಗಾರಗಳು. ಕ್ಯಾಮೆರಾದ ವಿಷಯ ಬಂದರೆ ನಾನು ಸುಮ್ಮನಿರುವವನಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಗುಂಪಿನಲ್ಲಿ ಹಿರಿಯರಿದ್ದಾರೆಂದು ನುಂಗಿಕೊಂಡ ಮಾತನ್ನು ಇಲ್ಲಿ ಹೇಳುತ್ತೇನೆ: ಆ ವಿಡಿಯೋದಿಂದ ಘಟ್ಟ ಸುಂದರವಾಗಿದೆ ಎಂದು ತಿಳಿಯಿತೇ ಹೊರತು ಕ್ಯಾಮೆರಾ ಹೇಗಿದೆ ಎಂಬುದು ಕಿಂಚಿತ್ತೂ ತಿಳಿಯಲಿಲ್ಲ.

ಡ್ಯಾಶ್‌ಕ್ಯಾಮ್ ಕೊಳ್ಳುವುದು ಪ್ರವಾಸದ ನೆನಪಿಗಲ್ಲ, ಸಾಕ್ಷಿಗೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ, ಸಾಧ್ಯವಾದರೆ ಮಳೆಯಲ್ಲಿ, ಎದುರಿನಿಂದ ಬಂದು ದಾಟಿಹೋದ ವಾಹನದ ನಂಬರನ್ನು ವಿಡಿಯೋ ನಿಲ್ಲಿಸಿ ಓದಲು ಆಗುತ್ತದೆಯೇ? ಬಿಸಿಲಿನಲ್ಲಿ ಅಗ್ಗದ ಕ್ಯಾಮೆರಾವೂ ಜಾಣನಂತೆ ನಟಿಸುತ್ತದೆ.

"ರಾತ್ರಿಯ ವಿಡಿಯೋವನ್ನೂ ನೋಡಿದೆವು, ಹಗಲಿನಷ್ಟೇ ಬೆಳಕಾಗಿದೆ" ಎನ್ನುವವರಿದ್ದಾರೆ. ನನಗೆ ಅನುಮಾನ ಶುರುವಾಗುವುದೇ ಅಲ್ಲಿ. ಕತ್ತಲ ಕಾಡನ್ನು ಬೆಳಗಿ ತೋರಿಸಲು ಕ್ಯಾಮೆರಾ ವಿಡಿಯೋದ ಪ್ರತಿ ಚೌಕಟ್ಟಿಗೂ (ಫ್ರೇಮಿಗೂ) ಶಟರನ್ನು, ಅಂದರೆ ಬೆಳಕು ಒಳಬಿಡುವ ಬಾಗಿಲನ್ನು, ಹೆಚ್ಚು ಹೊತ್ತು ತೆರೆದಿಡುತ್ತದೆ. ಎರಡು ವಾಹನಗಳು ತಲಾ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರುಬದುರಾದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 33 ಮೀಟರ್ ಕುಗ್ಗುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿದ್ದರೆ ಅಷ್ಟರಲ್ಲೇ ಆ ಅಂತರ ಒಂದು ಮೀಟರ್‌ಗಿಂತ ಹೆಚ್ಚೇ ಕುಗ್ಗಿರುತ್ತದೆ. ಅಕ್ಷರಗಳು ಕದಡದೆ ಇನ್ನೇನಾಗಬೇಕು? ಇದರ ಮೇಲೆ, 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ನಂಬರ್ ಪ್ಲೇಟ್ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುತ್ತದೆ. ನಮ್ಮದೇ ಹೆಡ್‌ಲೈಟ್ ಬಿದ್ದು ಅದು ಹೊಳೆಯುವಾಗ, ಕಾಡಿನ ಕತ್ತಲೆಗೆ ಹೊಂದಿಸಿಕೊಂಡ ಕ್ಯಾಮೆರಾದಲ್ಲಿ ಅದೊಂದು ಬಿಳಿಯ ಚೌಕವಾಗಿ ಉಳಿಯುತ್ತದೆ. ಜನ ಹೊಗಳುವ ಆ ಬೆಳಕೇ ಸಾಕ್ಷಿಯನ್ನು ಅಳಿಸಿರುತ್ತದೆ. ರಸ್ತೆಯಂಚು ಕಪ್ಪಾಗಿದ್ದರೂ ನಂಬರ್ ಓದಿಸುವ ಕ್ಯಾಮೆರಾ ನನ್ನ ಪಾಲಿಗೆ ಒಳ್ಳೆಯದು. ಆದರೆ ಅಂಥ ವಿಡಿಯೋಕ್ಕೆ ಯಾರೂ ಹೆಬ್ಬೆರಳು ಒತ್ತುವುದಿಲ್ಲ.

ಇನ್ನು 4ಕೆ ಎಂಬ ಮಂತ್ರ. ನಿಜವಾದ 4ಕೆ ಚಿತ್ರದ ಅಗಲ 3840 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕೆಗಳು), ಅದಕ್ಕೆ ಸೋನಿಯ ಐಎಂಎಕ್ಸ್ 415ರಂಥ ಎಂಟು ಮೆಗಾಪಿಕ್ಸೆಲ್ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಬೇಕು. ಎರಡು ಮೆಗಾಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿ 4ಕೆ ಎಂದು ಮಾರುವುದೂ ಉಂಟು. ನಿಜವಾದದ್ದೇ ಇರಲಿ, ಆ ಪಿಕ್ಸೆಲ್‌ಗಳೆಲ್ಲ 140 ಡಿಗ್ರಿ ಅಗಲದ ನೋಟಕ್ಕೆ ಹಂಚಿಹೋಗುತ್ತವೆ. ಹತ್ತು ಮೀಟರ್ ದೂರದ ಕಾರಿನ ಅರ್ಧ ಮೀಟರ್ ಉದ್ದದ ಪ್ಲೇಟಿಗೆ ದಕ್ಕುವುದು ಸರಿಸುಮಾರು 80 ಪಿಕ್ಸೆಲ್. ಕೆಎ 31 ಎಂದು ಆರಂಭವಾಗುವ ಹತ್ತು ಅಕ್ಷರ-ಅಂಕಿಗಳಿಗೆ ತಲಾ ಎಂಟು, ಅದೂ ನಡುವಿನ ಜಾಗವನ್ನೆಲ್ಲ ಸೇರಿಸಿ. ಅಗಲದಲ್ಲಿ ಇದರ ಅರ್ಧದಷ್ಟೇ ಪಿಕ್ಸೆಲ್ ಇರುವ 1080ಪಿ ಕ್ಯಾಮೆರಾದಲ್ಲಿ ಅದು ನಾಲ್ಕಕ್ಕೆ ಇಳಿಯುತ್ತದೆ. ಹೆಚ್ಚು ಅಗಲ ಕಾಣುತ್ತದೆ ಎಂದು ಹಿಗ್ಗುವವರು ಪ್ಲೇಟು ಅಷ್ಟೇ ಚಿಕ್ಕದಾಗುತ್ತದೆ ಎಂಬುದನ್ನು ಮರೆಯುತ್ತಾರೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡು ಬಿಟ್‌ರೇಟಿಗೂ, ಅಂದರೆ ಪ್ರತಿ ಸೆಕೆಂಡಿನ ವಿಡಿಯೋಕ್ಕೆ ಕ್ಯಾಮೆರಾ ಬರೆಯುವ ಮಾಹಿತಿಯ ಪ್ರಮಾಣಕ್ಕೂ, ಶತ್ರು. ಅಲ್ಲಾಡುವ ಲಕ್ಷಾಂತರ ಎಲೆಗಳು, ಗಾಜಿನ ಮೇಲಿನ ಹನಿಗಳು, ವೈಪರು, ಎಲ್ಲವೂ ಪ್ರತಿ ಚೌಕಟ್ಟಿನಲ್ಲಿ ಬದಲಾಗುತ್ತಿರುತ್ತವೆ. ಸೆಕೆಂಡಿಗೆ ಇಷ್ಟೇ ಮೆಗಾಬಿಟ್ ಎಂದು ಕಟ್ಟಿಹಾಕಿದ ಕ್ಯಾಮೆರಾ ಅವನ್ನೆಲ್ಲ ಬರೆಯುವುದರಲ್ಲೇ ಸುಸ್ತಾಗಿ ಪ್ಲೇಟಿನ ಜಾಗವನ್ನು ಕಲಸಿದ ಹಿಟ್ಟಿನಂತೆ ಬಿಟ್ಟುಬಿಡುತ್ತದೆ. ಬಯಲುಸೀಮೆಯ ಖಾಲಿ ಹೆದ್ದಾರಿಯಲ್ಲಿ ತೆಗೆದ ವಿಮರ್ಶೆಯ ವಿಡಿಯೋಗಳನ್ನು ಆಷಾಢದ ಅರಬೈಲು ಘಟ್ಟದವರು ನಂಬುವುದಾದರೂ ಹೇಗೆ? ಬಿಟ್‌ರೇಟ್ ಹೆಚ್ಚಿದಷ್ಟೂ ಮೆಮೊರಿ ಕಾರ್ಡಿನಲ್ಲಿ ಜಾಗ ಹೆಚ್ಚು ಬೇಕು: ಸೆಕೆಂಡಿಗೆ 30 ಮೆಗಾಬಿಟ್ ಆದರೆ ಗಂಟೆಗೆ ಸುಮಾರು 13.5 ಜಿಬಿ. ಕಾರ್ಡಿನಲ್ಲಿ ಉಳಿತಾಯ ಮಾಡುವವರು ಇದನ್ನೊಮ್ಮೆ ಲೆಕ್ಕ ಹಾಕಲಿ.

"ಯಾರದ್ದು ತಪ್ಪು ಎಂದು ತಿಳಿದರೆ ಸಾಕಲ್ಲ, ನಂಬರ್ ಏಕೆ?" ಎಂದು ಒಬ್ಬರು ಕೇಳಿದರು. ಗುದ್ದಿದವನು ಸಜ್ಜನನಾಗಿ ಅಲ್ಲೇ ನಿಂತಿದ್ದರೆ ಸಾಕು, ಒಪ್ಪಿದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಡುರಾತ್ರಿ ಎಷ್ಟು ಸಜ್ಜನರು ನಿಲ್ಲುತ್ತಾರೆ ಎಂಬುದನ್ನು ಅಂಕೋಲಾದವರನ್ನೋ ಹೊನ್ನಾವರದವರನ್ನೋ ಕೇಳಿ ನೋಡಿ. ಹೇಳಬಾರದೆಂದಿದ್ದೆ, ಆದರೂ ಹೇಳುತ್ತೇನೆ. ನನ್ನ ಸೋದರಮಾವನ ಸ್ಕೂಟರಿಗೆ ಗುದ್ದಿ ಹೋದ ವಾಹನ ಹಿಂದಿನ ಕಾರಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆಕಾಶ, ಮರ, ರಸ್ತೆಯ ಗೆರೆ ಎಲ್ಲವೂ ಸೊಗಸಾಗಿದ್ದವು. ನಂಬರಿನ ಜಾಗದಲ್ಲಿ ಬಿಳಿಯ ಮಚ್ಚೆ. ಮಾವ ಈಗಲೂ ಕುಂಟುತ್ತಾರೆ. ಹಾಗಾಗಿ "ಕ್ಲಿಯರ್" ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುವುದು ಬರೀ ತಂತ್ರಜ್ಞಾನದ ಹಟದಿಂದಲ್ಲ.

ಇನ್ನು ಮುಂದೆ ಕ್ಯಾಮೆರಾದ ಬಗ್ಗೆ ನನ್ನ ಅಭಿಪ್ರಾಯ ಕೇಳುವವರು ದಯವಿಟ್ಟು ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಬೇಡಿ. ಫೈಲನ್ನು ಚಿಕ್ಕದಾಗಿಸಲು ವಾಟ್ಸಾಪ್ ಅದನ್ನು ಮತ್ತೊಮ್ಮೆ ಹಿಂಡುತ್ತದೆ, ಹಾಗಾಗಿ ನಾನು ನೋಡುವುದು ಕ್ಯಾಮೆರಾದ ಗುಣವನ್ನಲ್ಲ. ಕಾರ್ಡಿನಲ್ಲಿರುವ ಮೂಲ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ತನ್ನಿ. ರಾತ್ರಿಯದ್ದಿರಲಿ, ಎದುರಿನಿಂದ ವಾಹನ ಬಂದಿರಲಿ, ಒಳಗಿನ ಗಾಜನ್ನು ಒರೆಸಿ ತೆಗೆದದ್ದಿರಲಿ. ಫೋನಿನ ಪರದೆಯಲ್ಲಿ ಬೇಡ, ಮನೆಯ ದೊಡ್ಡ ಮಾನಿಟರ್‌ನಲ್ಲಿ ಒಂದೊಂದೇ ಚೌಕಟ್ಟು ನಿಲ್ಲಿಸಿ ಕೂತು ನೋಡೋಣ, ಚಹಾ ನನ್ನದು.